ಎದುರಿಗೆ ಬಂದ ಕಂಡಕ್ಟರ್

ಹನ್ನೆರಡು ವರ್ಷಗಳಿಂದ ಮೈಸೂರಿನಲ್ಲಿ ಶವ ಸಾಗಿಸುವ ವ್ಯಾನು ಓಡಿಸುತ್ತಿದ್ದೇನೆ. ಮನೆ ಕೆಸರೆಯಲ್ಲಿ. ಎದುರುಮನೆಯ ಅಕ್ಕ ಬ್ಲೌಸು ಹೊಲಿಯುವವರು, ವಯಸ್ಸು ಐವತ್ತು ದಾಟಿದೆ. ಅವರ ಗೇಟಿನ ಹತ್ತಿರ ವ್ಯಾನು ನಿಂತರೆ ಸಾಕು, "ಗಿರಾಕಿಗಳು ಎಂಗೆ ಬರ್ತಾರಪ್ಪ?" ಎಂದು ರೇಗುತ್ತಿದ್ದರು.

ಅಂಥವರು ಒಂದು ಮಧ್ಯಾಹ್ನ ತಾವಾಗಿಯೇ ನಮ್ಮ ಮನೆಗೆ ಬಂದರು. ಸ್ಕೂಟರ್ ಲೈಸೆನ್ಸಿನ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದರು. ಮೂರನೆಯದು ಮಾರನೇ ದಿನ.

"ಹೊರಟಾಗ ಹೆಣ ಎದುರಿಗೆ ಬಂದ್ರೆ ಕೆಲಸ ಆಯ್ತದೆ ಅಂತಾರಲ್ಲ. ನಾಳೆ ಹತ್ತು ಗಂಟೆಗೆ ಒಂದ್ಸಲ ಎದುರಿಗೆ ಬಂದ್ಬುಡಪ್ಪ."

"ಬರ್ತೀನಿ ಅಕ್ಕ. ಗಾಡಿ ಖಾಲಿ ಇದ್ರೆ?"

"ಖಾಲಿ ಗಾಡಿ ಲೆಕ್ಕಕ್ಕಿಲ್ಲ ಕಣಪ್ಪ," ಎಂದು ಅಕ್ಕ ಮುಖ ಸಪ್ಪೆ ಮಾಡಿಕೊಂಡು ಹೋದರು. ಯಾರಾದರೂ ಸಾಯಲಿ ಎನ್ನುವಷ್ಟು ಕೆಟ್ಟವರಲ್ಲ.

ಸಂಜೆ ಫೋನು ಬಂತು. ಎರಡು ಬೀದಿ ಆಚೆ, ರಿಟೈರಾದ ಬಸ್ ಕಂಡಕ್ಟರೊಬ್ಬರು ಊಟ ಮಾಡಿ ಮಲಗಿದವರು ಏಳಲೇ ಇಲ್ಲ. ತುಂಬು ವಯಸ್ಸಿನ ಸಾವು. ಬೆಳಿಗ್ಗೆ ಹತ್ತಕ್ಕೆ ಎತ್ತುವುದೆಂದು ನಿಶ್ಚಯವಾಗಿತ್ತು.

ಮಾರನೇ ದಿನ ಶವವನ್ನು ಗಾಡಿಗೇರಿಸಿದ ಮೇಲೆ, ಬೈದರೆ ಬೈಸಿಕೊಳ್ಳೋಣ ಎಂದುಕೊಂಡು ಕಂಡಕ್ಟರ ಮಗಳಿಗೆ ಅಕ್ಕನ ವಿಷಯ ಹೇಳಿದೆ. ಅತ್ತು ಅತ್ತು ಕಣ್ಣು ಊದಿದ್ದ ಆಕೆ ನಕ್ಕುಬಿಟ್ಟರು.

"ನಮ್ಮಪ್ಪ ಕೈ ತೋರಿಸ್ದೋರನ್ನ ಬುಟ್ಟು ಹೋದೋರೇ ಅಲ್ಲ ಕಣ್ರೀ. ಆ ಬೀದಿಯಾಗೇ ನಡೀರಿ."

ನಮ್ಮ ಬೀದಿಗೆ ತಿರುಗಿದಾಗ ಅಕ್ಕ ಹೆಲ್ಮೆಟ್ ಹಿಡಿದು ಗೇಟು ದಾಟುತ್ತಿದ್ದರು. ವ್ಯಾನು ಕಂಡು ಮುಖ ಅರಳಿತು. ಒಳಗೆ ಕೂತಿದ್ದ ಮಗಳನ್ನು ನೋಡಿದ್ದೇ ತಡ, ಬಾಡಿತು. ಚಪ್ಪಲಿ ಬಿಟ್ಟು, ಕಾಂಪೌಂಡಿನ ಕನಕಾಂಬರ ಬಿಡಿಸಿ ತಂದು ಹಿರಿಯರ ಕಾಲ ಬಳಿ ಇಟ್ಟರು.

"ತಪ್ಪು ತಿಳ್ಕೋಬೇಡಿ ಕಣಮ್ಮ, ಏನೋ ಬಾಯಿಗೆ ಬಂದಂಗೆ ಕೇಳ್ಬುಟ್ಟಿದ್ದೆ."

"ಅದಕ್ಕೇನಂತೆ, ಹೋಗ್ಬನ್ನಿ. ಟೆಸ್ಟಲ್ಲಿ ಎಂಟು ಹಾಕುವಾಗ ಕಾಲು ಮಾತ್ರ ಕೆಳಗಿಡ್ಬೇಡಿ," ಎಂದರು ಮಗಳು.

ಅಕ್ಕ ಕಾಲು ಕೆಳಗಿಡಲಿಲ್ಲ. ಪಾಸಾದರು.

ಹನ್ನೊಂದನೇ ದಿನದ ತಿಥಿಗೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು. ದಿನವೂ ಹೆಣದ ಜೊತೆ ಓಡಾಡುವ ನಾನು ಅವತ್ತು ಮಾತ್ರ ದೇವರನ್ನು ನೆನೆದೆ. ಅಕ್ಕ ಪಾಸಾದ ಕಾಗದವನ್ನು ಕಂಡಕ್ಟರ ಫೋಟೋದ ಮುಂದಿಟ್ಟು ಕೈಮುಗಿದರು. ಕಾಗದದ ಫೋಟೋದಲ್ಲಿದ್ದ ಅಕ್ಕನ ಗಾಬರಿ ಮುಖವನ್ನು ಮಗಳು ಬಗ್ಗಿ ನೋಡಿದರು, ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಊಟಕ್ಕೆ ಕೂತಾಗ ಅಕ್ಕನ ಎಲೆಗೆ ಎರಡು ಸೌಟು ಪಾಯಸ ಹೆಚ್ಚಿಗೆ ಬಿತ್ತು.