ನಟರು ಅಳು ನಿಲ್ಲಿಸಿದ ಗಳಿಗೆ

ಪತ್ನಿಯ ಶವದ ಬಳಿ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದ ನಟರೊಬ್ಬರು ಥಟ್ಟನೆ ಅಳು ನಿಲ್ಲಿಸಿಬಿಟ್ಟರು. ಪೀಣ್ಯದ ಕಾರ್ಖಾನೆಗಳ ಹಿಂದಿನ ವಠಾರವದು. ಬಾಗಿಲಲ್ಲಿ ನೆರೆದಿದ್ದವರಲ್ಲಿ ಒಬ್ಬಾಕೆ ಪಕ್ಕದವಳಿಗೆ, "ನೋಡ್ರೀ, ಥೇಟ್ ಟೀವೀಲಿ ಅಳ್ತಾರಲ್ಲ, ಅಂಗೇ ಅಳ್ತಾವ್ರೆ ಕಣ್ರೀ!" ಎಂದದ್ದು ಅವರ ಕಿವಿಗೆ ಬಿದ್ದಿತ್ತು. ಆಕೆ ಮೆಚ್ಚಿಯೇ ಹೇಳಿದ್ದಳು.

ಎಂಬತ್ತರ ದಶಕದ ಮಾತಿದು. ಮೊದಲು ರಂಗಭೂಮಿಯಲ್ಲಿ, ಆಮೇಲೆ ಸಿನಿಮಾದಲ್ಲಿ, ಕಡೆಗೆ ಹೊಸದಾಗಿ ಬಂದಿದ್ದ ಟೀವಿಯಲ್ಲಿಯೂ ಅವರಿಗೆ ದೊರೆತದ್ದು ದುಃಖತಪ್ತ ತಂದೆಯ ಪಾತ್ರವೇ. ಮಕ್ಕಳಿಲ್ಲದ ಅವರಿಗೆ ಪತ್ನಿಯೊಬ್ಬರೇ ದಿಕ್ಕಾಗಿದ್ದರು. ಗೀತಾಪಾರಾಯಣಕ್ಕೆಂದು ಹೋಗಿ ಅವರ ಪಕ್ಕದಲ್ಲೇ ಕುಳಿತಿದ್ದ ನಾನು, "ಅತ್ತುಬಿಡಿ, ಮನಸ್ಸು ಹಗುರವಾಗುತ್ತದೆ" ಎಂದು ಮೆಲ್ಲನೆ ಹೇಳಿದೆ.

ಅವರು ಕಣ್ಣೊರೆಸಿಕೊಂಡು ನನ್ನತ್ತ ಬಾಗಿದರು. "ಹೇಗೆ ಅಳ್ಲಿ ಶಾಸ್ತ್ರಿಗಳೇ? ನಂಗೆ ಬರೋದು ಇದೊಂದೇ ಅಳು. ಅದನ್ನ ಎಲ್ಲಾರೂ ನೋಡ್ಬಿಟ್ಟಿದಾರೆ."

ಚಟ್ಟವನ್ನು ಎತ್ತುವವರೆಗೂ ಅವರು ಮತ್ತೆ ಕಣ್ಣೀರು ಹಾಕಲಿಲ್ಲ.

ಈಗಲೂ ಸಾವಿನ ಮನೆಯಲ್ಲಿ ಪಾರಾಯಣಕ್ಕೆ ಕುಳಿತಾಗ ನಾನು ಅಳುವವರ ಮುಖವನ್ನು ನೋಡುವುದಿಲ್ಲ. ಭಗವಂತನೊಬ್ಬನು ನೋಡಿದರೆ ಸಾಕೆಂದು ದೀಪದ ಕಡೆಗೆ ತಿರುಗಿ ಶ್ಲೋಕವನ್ನು ಮುಂದುವರಿಸುತ್ತೇನೆ.