ಇಬ್ಬರೇ ಹಾಡುವ ಹಾಡುಗಳು

ಆಲ್ಬಮ್ಮಿನ ಕವರಿನ ಚಿತ್ರದಲ್ಲಿ ಎಡಗಡೆ ನಿಂತಿರುವ ಹಾಡುಗಾರ್ತಿಯ ಒಂದು ಶೂ ಲೇಸು ಬಿಚ್ಚಿಕೊಂಡಿದೆ. ಅದನ್ನು ಗಮನಿಸಿದವಳು ನಾನೊಬ್ಬಳೇ. ಅಕ್ಕನಿಗಾಗಲಿ ಶಾಹಿನಾಳಿಗಾಗಲಿ ಚಿತ್ರವನ್ನು ಅಷ್ಟು ಹೊತ್ತು ನೋಡುವ ಅಗತ್ಯವಿರಲಿಲ್ಲ, ಅವರು ಹಾಡುತ್ತಿದ್ದರು.

ಆ ಆಲ್ಬಂ ಗಲ್ಫಿನ ಈ ಊರಿನ ಅಲ್ ಮುಂತಜಾ ಬಡಾವಣೆಯ ನಮ್ಮ ಮನೆಗೆ ಬಂದದ್ದು ಅಪ್ಪನ ಊಟದ ಚೀಲದಲ್ಲಿ, ನಿಂಬೆ ಉಪ್ಪಿನಕಾಯಿಯ ವಾಸನೆ ಹೊತ್ತು. ಮೆಸಯೀದಿನ ಕಾರ್ಖಾನೆಯಲ್ಲಿ ಅವರ ಜೊತೆಗಿದ್ದ ಜಪಾನಿ ಎಂಜಿನಿಯರೊಬ್ಬರು ಊರಿಗೆ ಮರಳುವಾಗ ಮಕ್ಕಳಿಗೆಂದು ಕೊಟ್ಟಿದ್ದರಂತೆ. ನಾವು ಟಿವಿಯಲ್ಲಿ ಅರಬ್ಬಿ ಮಾತಿನಲ್ಲಿ ನೋಡುತ್ತಿದ್ದ ಕಾರ್ಟೂನಿನ ಚಿತ್ರ ಅದರ ಹಿಂಬದಿಯಲ್ಲಿತ್ತು. ಅಪ್ಪ ಅದನ್ನು ಕಾರ್ಟೂನೇ ಎಂದು ತಿಳಿದು, ಶುಕ್ರವಾರ ಮಧ್ಯಾಹ್ನ ಎದುರು ಮನೆಯ ಶಾಹಿನಾಳನ್ನೂ ಕರೆದು ಕೂರಿಸಿ, ಡಿವಿಡಿ ಪ್ಲೇಯರಿಗೆ ಹಾಕಿದರು. ಚಿತ್ರ ಮೂಡಲೇ ಇಲ್ಲ. ಕಪ್ಪು ಪರದೆಯ ಒಳಗಿನಿಂದ ಇಬ್ಬರು ಹೆಂಗಸರು ಜಪಾನಿಯಲ್ಲಿ ಹಾಡತೊಡಗಿದರು. ಆ ಸರಣಿಗಾಗಿ ಅವರಿಬ್ಬರು ಹಾಡಿದ್ದನ್ನೆಲ್ಲ ಒಟ್ಟುಮಾಡಿದ ಆಲ್ಬಂ ಅದು. "ಸ್ವಲ್ಪ ತಾಳಿ, ಬರುತ್ತೆ," ಎಂದು ಅಪ್ಪ ಹಾಡಿನ ಮೇಲೆ ಹಾಡು ಮುಗಿದರೂ ಹೇಳುತ್ತಲೇ ಇದ್ದರು.

ಆಮೇಲಿನ ಶುಕ್ರವಾರಗಳಲ್ಲಿ ಅಕ್ಕ, ಶಾಹಿನಾ ಇಬ್ಬರೂ ಆ ಕಪ್ಪು ಪರದೆಯ ಮುಂದೆ ನಿಂತು, ತಮ್ಮ ಬಿಂಬ ನೋಡಿಕೊಳ್ಳುತ್ತ ಹಾಡುತ್ತಿದ್ದರು. ಎದುರು ಮನೆಯ ತುಪ್ಪದನ್ನದ ಘಮ ಕಾರಿಡಾರು ದಾಟಿ ಬಂದು ಅಮ್ಮನ ಸಾರಿನ ಒಗ್ಗರಣೆಯೊಂದಿಗೆ ಬೆರೆಯುತ್ತಿತ್ತು. ಮೇಲಿನ ಧ್ವನಿ ಅಕ್ಕನದು, ಕೆಳಗಿನದು ಶಾಹಿನಾಳದು. ನನಗೆ ಎರಡೂ ಬಾಯಿಪಾಠವಾಗಿದ್ದವು. ಒಮ್ಮೆ, ನಾನೂ ಹಾಡುತ್ತೇನೆ ಎಂದೆ.

"ಇಬ್ಬರೇ ಅಂತ ಕವರಿನಲ್ಲೇ ಉಂಟಲ್ಲ ಮಾರಾಯ್ತಿ," ಎಂದಳು ಶಾಹಿನಾ. "ನೀನು ರಿಮೋಟ್ ಹಿಡ್ಕೊ. ಅದು ದೊಡ್ಡ ಕೆಲಸ."

"ಅಳ್ಬೇಡ ಪುಟ್ಟಿ, ಮುಂದಿನ್ ಸಲ," ಎಂದಳು ಅಕ್ಕ. ನಾನು ಅಳುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಶಾಹಿನಾಳ ತಂದೆ ಅಂಗಡಿ ಬಿಟ್ಟುಕೊಟ್ಟು ಮಂಗಳೂರಿಗೆ ಹೊರಟರು. ಮನೆ ಖಾಲಿ ಮಾಡಿ ಹೋಗುವವರು ಸಾಮಾನುಗಳನ್ನು ನೆರೆಯವರಿಗೆ ಹಂಚುವುದು ಇಲ್ಲಿನ ರೂಢಿ. ನಮಗೆ ಮಿಕ್ಸಿಯೂ ಎರಡು ಬೆತ್ತದ ಸ್ಟೂಲುಗಳೂ ಬಂದವು. ಅವಳ ಜಾಗವೂ ನನಗೇ ಬಂತು ಎಂದುಕೊಂಡು, ಮುಂದಿನ ಶುಕ್ರವಾರ ನಾನು ಟಿವಿಯ ಮುಂದೆ ಹೋಗಿ ನಿಂತೆ. ಅಕ್ಕ ಡಿಸ್ಕನ್ನು ತೆಗೆದು ಕವರಿನೊಳಗಿಟ್ಟಳು. "ಅದೆಲ್ಲ ಖಲಾಸ್ ಪುಟ್ಟಿ," ಎಂದಳು. ಆ ಮನೆಯಲ್ಲಿ ಅವಳು ಮತ್ತೆ ಹಾಡಲಿಲ್ಲ.

ಈಗ ಆ ಕಟ್ಟಡವಿಲ್ಲ. ಅಪ್ಪ ಅಮ್ಮ ಮೈಸೂರಿಗೆ ಮರಳಿದ್ದಾರೆ. ಮೊನ್ನೆ ಗುರುವಾರ ಸಂಜೆ ಇದೇ ಊರಿನ ಅಲ್ ಹಿಲಾಲಿನಲ್ಲಿರುವ ಅಕ್ಕನ ಮನೆಗೆ ಊಟಕ್ಕೆ ಹೋದರೆ, ಬಾಗಿಲಲ್ಲೇ ಆ ಹಾಡು ಕೇಳಿಸಿತು. ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಅಕ್ಕ ಹಾಡುತ್ತಿದ್ದಳು, ಅದರಲ್ಲಿ ಶಾಹಿನಾ. ಫೇಸ್‌ಬುಕ್ಕಿನಲ್ಲಿ ಸಿಕ್ಕಿದಳಂತೆ.

"ಯಾರದು, ರಿಮೋಟ್ ಮೇಡಮ್ಮಾ?" ಎಂದಳು ಶಾಹಿನಾ. ಇಬ್ಬರೂ ನಕ್ಕರು. ನಾನೂ ನಕ್ಕು ತಟ್ಟೆಗಳನ್ನು ಜೋಡಿಸಿದೆ. ಕಾರಿಡಾರಿನ ಬಣ್ಣ ಯಾವುದಿತ್ತು, ಅಮ್ಮ ಯಾವ ಕುರ್ಚಿಯಲ್ಲಿ ಕೂರುತ್ತಿದ್ದಳು ಎಂಬುದು ಈಗ ನನಗೆ ಸರಿಯಾಗಿ ನೆನಪಾಗುವುದಿಲ್ಲ. ಆ ಮನೆಯದು ನನ್ನ ಬಳಿ ಪೂರ್ತಿಯಾಗಿ ಉಳಿದಿರುವುದು ಈ ಹೊಟ್ಟೆಯುರಿಯೊಂದೇ.

ಮರುದಿನ ಬೆಳಿಗ್ಗೆ ಶಾಹಿನಾಳ ನಂಬರಿಗೆ ನಾನೇ ಕರೆ ಮಾಡಿದೆ. "ಶಾಹಿನಕ್ಕ, ನೀವು ಕೆಳಗಿನದು ಹಾಡಿ," ಎಂದೆ. ಅಕ್ಕನಿಗೆ ಹೇಳಬೇಡಿ ಎಂದೂ ಸೇರಿಸಿ, ಮೇಲಿನ ಧ್ವನಿಯಲ್ಲಿ ಶುರುಮಾಡಿದೆ.