ಅಮ್ಮನ ದೊಡ್ಡ ಬೊಟ್ಟು

ಅಮ್ಮನ ಹಣೆಯ ಬೊಟ್ಟು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿತ್ತು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹೆಂಗಸರು ಅದನ್ನು ದೇವಿಯ ಕಳೆ ಎನ್ನುತ್ತಿದ್ದರು. ಮಗಳಾದ ನಾನೂ ಪೆದ್ದಿಯಂತೆ ನಂಬಿದ್ದೆ. ಅವಳು ಅದರಡಿ ಮುಚ್ಚಿಡುತ್ತಿದ್ದದ್ದು ಮಾಯದ ಒಂದು ಹುಣ್ಣನ್ನು. ನಿಧಾನವಾಗಿ ಬೆಳೆಯುವ ಚರ್ಮದ ಕ್ಯಾನ್ಸರ್ ಅದು. ಇಷ್ಟು ದೊಡ್ಡದಾಗುವವರೆಗೆ ಏನು ಮಾಡುತ್ತಿದ್ದಿರಿ ಎಂದು ಥಾಣೆಯ ಡಾಕ್ಟರು ಗದರಿದ್ದು ನನ್ನನ್ನು. ಆಪರೇಶನ್ನಿನಲ್ಲಿ ಅದನ್ನು ಪೂರ್ತಿ ಕತ್ತರಿಸಿ ತೆಗೆದು, ತೊಡೆಯ ಚರ್ಮವನ್ನು ಹಣೆಗೆ ಹೊಲಿದರು.

ಗಾಯ ಮಾಗಿತು. ಇನ್ನು ಕುಂಕುಮ ಇಡಬಹುದು ಎಂದು ಡಾಕ್ಟರು ಹೇಳಿದ ಮೇಲೂ ಅಮ್ಮ ಡಬ್ಬಿ ಹಿಡಿದು ಕನ್ನಡಿಯ ಮುಂದೆ ನಿಂತೇ ಇದ್ದಳು.

“ಇದು ತೊಡೆಯ ಚರ್ಮ ಅಲ್ವಾ ಮಾರಾಯ್ತಿ, ಇದಕ್ಕೆ ಕುಂಕುಮ ಇಟ್ರೆ ಆಗ್ತದಾ?”

“ನಾನು ಮಲಗಿ ಬೆಳೆದ ತೊಡೆ ಅಲ್ವಾ ಅಮ್ಮ, ಆಗ್ತದೆ” ಎಂದು ಚಿಕ್ಕದೊಂದು ಬೊಟ್ಟು ನಾನೇ ಇಟ್ಟೆ.